ಟೀಚ್‌ಓಪನ್‌ಕ್ಯಾಡ್: ಕಂಪ್ಯೂಟರ್‌ನಲ್ಲಿ ಔಷಧ ವಿನ್ಯಾಸ ಕಲಿಯಲು ಒಂದು ಉಚಿತ ಪಾಠಮಾಲೆ, ಹೇಗಿದೆ?

ಎಂ.ಫಾರ್ಮ್ ಔಷಧ ರಸಾಯನಶಾಸ್ತ್ರದ ಎರಡನೇ ಸೆಮಿಸ್ಟರ್‌ನಲ್ಲಿ ಕಂಪ್ಯೂಟರ್ ನೆರವಿನ ಔಷಧ ವಿನ್ಯಾಸ ಒಂದು ಪೂರ್ಣ ಪತ್ರಿಕೆ. ಬಿ.ಫಾರ್ಮ್‌ನ ಎಂಟನೇ ಸೆಮಿಸ್ಟರ್‌ನಲ್ಲಿ ಅದೇ ವಿಷಯ ಐಚ್ಛಿಕವಾಗಿ ಸಿಗುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದುತ್ತಿರುವವರು ಈ ವಿಷಯಕ್ಕೆ ಬಂದಾಗ ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ: ಯೂಟ್ಯೂಬ್ ನೋಡಿ ಒಂದು ಪ್ರೋಟೀನ್ ಇಳಿಸಿಕೊಳ್ಳುವುದು, ಹತ್ತಾರು ಅಣುಗಳನ್ನು ಡಾಕ್ ಮಾಡುವುದು ಅಂದರೆ ಆ ಪ್ರೋಟೀನಿನ ಕುಳಿಯಲ್ಲಿ ಕಂಪ್ಯೂಟರಿನಿಂದ ಕೂರಿಸಿ ನೋಡುವುದು, ಬಂದ ಸ್ಕೋರುಗಳನ್ನು ಕೋಷ್ಟಕಕ್ಕೆ ತುಂಬಿಸುವುದು. ಮೈನಸ್ 9.4 ಬಂದ ಅಣು ಮೈನಸ್ 9.1 ಬಂದದ್ದಕ್ಕಿಂತ ಮೇಲು ಎಂದು ಪ್ರಬಂಧ ಮುಗಿಯುತ್ತದೆ. ಆ 0.3ಕ್ಕೆ ಯಾವ ಅರ್ಥವೂ ಇಲ್ಲ ಎಂದು ಹೇಳುವವರು ಸಿಗುವುದಿಲ್ಲ. ಟೀಚ್‌ಓಪನ್‌ಕ್ಯಾಡ್ ಈ ಕಾರಣಕ್ಕೇ ಇಷ್ಟವಾಗುತ್ತದೆ. ಇಲ್ಲಿ ಡಾಕಿಂಗ್ ಬರುವುದು ಹದಿನೈದನೇ ಪಾಠದಲ್ಲಿ. ಅದಕ್ಕೆ ಮೊದಲಿನ ಹದಿನಾಲ್ಕು ಪಾಠಗಳು ದತ್ತಾಂಶ, ಹೋಲಿಕೆ, ಸೋಸುವಿಕೆ, ಪ್ರೋಟೀನಿನ ರಚನೆ ಇವುಗಳ ಮೇಲೆ ನಿಲ್ಲುತ್ತವೆ. ಆ ಕ್ರಮವೇ ಸರಿ.

ಬರ್ಲಿನ್‌ನ ಶಾರಿಟೆ ಎಂಬ ವೈದ್ಯಕೀಯ ಸಂಸ್ಥೆಯಲ್ಲಿ ಆಂಡ್ರಿಯಾ ವೋಲ್ಕಾಮರ್ ಅವರ ಸಂಶೋಧನಾ ಗುಂಪು ಇದನ್ನು ಕಟ್ಟಿತು. 2019ರಲ್ಲಿ ಇದರ ಬಗ್ಗೆ ಮೊದಲ ಪ್ರಬಂಧ ಬಂತು. ಈಗ ಆ ಗುಂಪು ಜರ್ಮನಿಯದೇ ಸಾರ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿದೆ. ಮೂವತ್ತಕ್ಕೂ ಹೆಚ್ಚು ಪಾಠಗಳಿವೆ, ಪ್ರತಿಯೊಂದೂ ಒಂದು ಜುಪಿಟರ್ ನೋಟ್‌ಬುಕ್, ಅಂದರೆ ಬರಹವೂ ಓಡಿಸಬಹುದಾದ ಕೋಡೂ ಒಟ್ಟಿಗಿರುವ ಫೈಲು. ಮೊದಲು ಸಿದ್ಧಾಂತ, ಆಮೇಲೆ ಪೈಥಾನ್ ಕೋಡ್, ಕೊನೆಗೆ ಚರ್ಚೆ ಮತ್ತು ಕೆಲವು ಪ್ರಶ್ನೆಗಳು. ಶುಲ್ಕವಿಲ್ಲ, ನೋಂದಣಿಯಿಲ್ಲ. ಭಾಷೆ ಇಂಗ್ಲಿಷ್, ಆದರೆ ವಾಕ್ಯಗಳು ಚಿಕ್ಕವು, ತಿಳಿಯಾದವು.

ಬಹುತೇಕ ಪಾಠಗಳಿಗೆ ಒಂದೇ ಪ್ರೋಟೀನ್ ಉದಾಹರಣೆ: ಇಜಿಎಫ್ಆರ್ ಎಂಬ ಕೈನೇಸ್ (ಫಾಸ್ಫೇಟ್ ಹಚ್ಚುವ ಕಿಣ್ವ), ಶ್ವಾಸಕೋಶದ ಕ್ಯಾನ್ಸರ್ ಔಷಧಗಳಾದ ಜೆಫಿಟಿನಿಬ್, ಎರ್ಲೋಟಿನಿಬ್, ಆಸಿಮರ್ಟಿನಿಬ್ ಹೋಗಿ ಕೂರುವ ಜಾಗ. ಇದು ಒಳ್ಳೆಯ ಆಯ್ಕೆ. ಸಾವಿರಾರು ಅಣುಗಳ ಅಳತೆಗಳು, ಹಲವಾರು ಸ್ಫಟಿಕ ರಚನೆಗಳು, ಅನುಮೋದನೆ ಪಡೆದ ಔಷಧಗಳು ಎಲ್ಲವೂ ಒಂದೇ ಕಡೆ ಸಿಗುವುದರಿಂದ, ಹಿಂದಿನ ಪಾಠದಲ್ಲಿ ಕಂಡದ್ದನ್ನು ಮುಂದಿನದರಲ್ಲಿ ತಾಳೆ ನೋಡಬಹುದು.

ಅಳವಡಿಕೆಯ ಬಗ್ಗೆ ಎಚ್ಚರದಿಂದಿರಬೇಕು, ಹೆಚ್ಚಿನವರು ಬಿಟ್ಟುಬಿಡುವುದು ಇಲ್ಲೇ. ವಿಂಡೋಸ್ ಇದ್ದರೆ ಮೊದಲು ಡಬ್ಲ್ಯುಎಸ್ಎಲ್ (ವಿಂಡೋಸ್‌ನೊಳಗೆ ಲಿನಕ್ಸ್ ನಡೆಸುವ ಸೌಲಭ್ಯ) ಹಾಕಿ ಅದರೊಳಗೆ ಉಬುಂಟು ಎಂಬ ಲಿನಕ್ಸ್ ತೆರೆಯಿರಿ. ಡಾಕಿಂಗ್‌ಗೆ ಬೇಕಾದ ಸ್ಮಿನಾ, ಅಣುಚಲನೆಯ ಪಾಠಕ್ಕೆ ಬೇಕಾದ ಆಂಬರ್‌ಟೂಲ್ಸ್ ಇಂಥವು ನೇರ ವಿಂಡೋಸ್‌ಗೆ ಕಾಂಡಾ-ಫೋರ್ಜ್ ಎಂಬ ಪ್ಯಾಕೇಜ್ ಭಂಡಾರದಲ್ಲಿ ಸಿಗುವುದಿಲ್ಲ. ನಂತರ ಆ ಭಂಡಾರದಿಂದ ಪ್ಯಾಕೇಜು ತರುವ ಮಿನಿಫೋರ್ಜ್ ಇಳಿಸಿ, ಹೊಸ ಪರಿಸರವೊಂದನ್ನು, ಅಂದರೆ ಈ ಪಾಠಗಳ ಪ್ಯಾಕೇಜುಗಳಿಗೇ ಮೀಸಲಾದ ಜಾಗವನ್ನು, ಸೃಷ್ಟಿಸಿ, ಅದರೊಳಗೆ ಕಾಂಡಾ-ಫೋರ್ಜ್‌ನಿಂದ ಟೀಚ್‌ಓಪನ್‌ಕ್ಯಾಡ್ ಎಂಬ ಪ್ಯಾಕೇಜನ್ನೇ ಕೇಳಿ. ಅಣುಗಳ ಲೆಕ್ಕ ಮಾಡುವ ಆರ್‌ಡಿಕಿಟ್, ಓಪನ್ ಬೇಬಲ್ ಮುಂತಾದವೆಲ್ಲ ಅದರ ಜೊತೆಗೇ ಬರುತ್ತವೆ. ಕೆಲವು ಜಿಬಿ ಜಾಗ ಬೇಕು. ಆಮೇಲೆ ಟೀಚ್‌ಓಪನ್‌ಕ್ಯಾಡ್ ಸ್ಟಾರ್ಟ್ ಎಂಬ ಆದೇಶಕ್ಕೆ ಒಂದು ಫೋಲ್ಡರಿನ ಹೆಸರು ಕೊಟ್ಟರೆ ಪಾಠಗಳ ನಕಲು ಅಲ್ಲಿಗೆ ಬರುತ್ತದೆ, ಅವನ್ನು ಜುಪಿಟರ್‌ನಲ್ಲಿ ತೆರೆಯಬಹುದು.

ಮೂರು ಕಡೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಮೂಲ ಪರಿಸರದಲ್ಲೇ ಎಲ್ಲವನ್ನೂ ತುಂಬಿ ಹಳೆಯ ಅನಕೊಂಡಾದ ಜೊತೆ ಜಗಳ ಹಚ್ಚುವುದು ಒಂದು. ಯಾವುದೋ ದೋಷ ಬಂದಾಗ ಪಿಪ್ ಎಂಬ ಬೇರೆ ಅಳವಡಿಕೆ ಉಪಕರಣದಿಂದ ನಂಪೈ ಎಂಬ ಗಣಿತದ ಪ್ಯಾಕೇಜನ್ನು ಮೇಲಿನ ಆವೃತ್ತಿಗೆ ಏರಿಸುವುದು ಇನ್ನೊಂದು. ಹಾಗೆ ಮಾಡಿದರೆ ಹಳೆಯ ನಂಪೈಗೆ ಕಟ್ಟಿದ ಪ್ಯಾಕೇಜುಗಳು ಆಮದು ಆಗುವಾಗಲೇ ಬೀಳುತ್ತವೆ. ಪರಿಸರ ಕೆಟ್ಟಿದ್ದರೆ ಅದನ್ನು ರಿಪೇರಿ ಮಾಡುತ್ತ ಕೂರಬೇಡಿ, ಅಳಿಸಿ ಹೊಸದು ಮಾಡಿ, ಅದೇ ಬೇಗ ಮುಗಿಯುತ್ತದೆ. ಮೂರನೆಯದು, ಡಬ್ಲ್ಯುಎಸ್ಎಲ್‌ನಲ್ಲಿ ಕೆಲಸದ ಫೋಲ್ಡರನ್ನು ವಿಂಡೋಸ್‌ನ ಸಿ ಡ್ರೈವ್‌ನಲ್ಲಿ ಇಡುವುದು. ಫೈಲು ಓದಿ ಬರೆಯುವುದು ಅಲ್ಲಿ ತೀರಾ ನಿಧಾನ. ಲಿನಕ್ಸ್ ಕಡೆಯ ಹೋಮ್ ಫೋಲ್ಡರ್‌ನಲ್ಲೇ ಇಡಿ. 8 ಜಿಬಿ ರ‍್ಯಾಮ್ ಇರುವ ಸಾಮಾನ್ಯ ಲ್ಯಾಪ್‌ಟಾಪ್ ಮೊದಲ ಹದಿನೆಂಟು ಪಾಠಗಳಿಗೆ ಸಾಕು. ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ.

ಮೊದಲ ಪಾಠ ಕೆಂಬಲ್ ದತ್ತಕೋಶದಿಂದ ಇಜಿಎಫ್ಆರ್ ಅಣುಗಳ ಅಳತೆಗಳನ್ನು ತರುವುದು. ಪಾಠ ಇಡುವ ಷರತ್ತುಗಳು ಇವು: ಅಳತೆ ಐಸಿ50 (ಪ್ರೋಟೀನಿನ ಕೆಲಸವನ್ನು ಅರ್ಧಕ್ಕೆ ಇಳಿಸಲು ಬೇಕಾದ ಅಣುವಿನ ಸಾಂದ್ರತೆ) ಆಗಿರಬೇಕು, ಸಂಬಂಧ ಸಮಚಿಹ್ನೆಯಾಗಿರಬೇಕು ಅಂದರೆ ಹೆಚ್ಚು ಅಥವಾ ಕಡಿಮೆ ಎಂದು ಬರೆದವು ಬೇಡ, ಪ್ರಯೋಗ ಬಂಧದ ಬಗೆಯದು, ಅಂದರೆ ಅಣು ಪ್ರೋಟೀನಿಗೆ ಕೂರುವುದನ್ನು ಅಳೆಯುವಂಥದ್ದು, ಆಗಿರಬೇಕು. ಆಮೇಲೆ ನ್ಯಾನೋಮೋಲಾರ್‌ನಲ್ಲಿರುವ ಸಂಖ್ಯೆಯ ಲಾಗರಿದಮ್ ತೆಗೆದು 9ರಿಂದ ಕಳೆದರೆ ಪಿಐಸಿ50 ಸಿಗುತ್ತದೆ. 500 ನ್ಯಾನೋಮೋಲಾರ್ ಅಂದರೆ 6.3. ಮುಂದಿನ ಪಾಠಗಳಲ್ಲಿ ಕ್ರಿಯಾಶೀಲ ಅಣು, ನಿಷ್ಕ್ರಿಯ ಅಣು ಎಂದು ಬೇರ್ಪಡಿಸುವ ಗೆರೆಯೂ ಈ 6.3ರಲ್ಲೇ ಬೀಳುತ್ತದೆ.

ನೋಡಲು ಸರಳ ಪಾಠ. ಆದರೆ ಇಡೀ ಮಾಲೆಯಲ್ಲಿ ಇದನ್ನೇ ಎರಡು ಸಲ ಮಾಡಬೇಕು ಎನ್ನುವುದು ನಮ್ಮ ಅಭಿಪ್ರಾಯ. ಕೆಂಬಲ್‌ನಲ್ಲಿರುವ ಸಂಖ್ಯೆಗಳು ಬೇರೆಬೇರೆ ಪ್ರಯೋಗಾಲಯಗಳಿಂದ ಬಂದವು. ಜೆಫಿಟಿನಿಬ್‌ನಂಥ ಅಣುಗಳು ಜೀವಕೋಶದ ಶಕ್ತಿಯ ಅಣುವಾದ ಎಟಿಪಿ ಕೂರುವ ಜಾಗಕ್ಕೇ ಪೈಪೋಟಿ ನಡೆಸುವುದರಿಂದ, ಪ್ರಯೋಗದಲ್ಲಿ ಎಟಿಪಿ ಎಷ್ಟು ಹಾಕಿದ್ದಾರೆ ಎಂಬುದರ ಮೇಲೆ ಐಸಿ50 ಬದಲಾಗುತ್ತದೆ. ಎಟಿಪಿ ಹೆಚ್ಚಾದಷ್ಟೂ ಅದೇ ಅಣು ದುರ್ಬಲವಾಗಿ ಕಾಣುತ್ತದೆ. ಇನ್ನೂ ದೊಡ್ಡ ತೊಡಕು ರೂಪಾಂತರಗಳದ್ದು. ಟಿ790ಎಂ, ಎಲ್858ಆರ್ ಮುಂತಾದ ಬದಲಾದ ಪ್ರೋಟೀನಿನ ಮೇಲೆ ಮಾಡಿದ ಅಳತೆಗಳೂ ಅದೇ ಇಜಿಎಫ್ಆರ್ ಸಂಕೇತದ ಕೆಳಗೆ ಬರುತ್ತವೆ. ಟಿ790ಎಂ ಇದ್ದರೆ ಜೆಫಿಟಿನಿಬ್ ಸೋಲುತ್ತದೆ ಎಂಬುದು ಚಿಕಿತ್ಸೆಯಲ್ಲೇ ಕಂಡ ಸತ್ಯ. ಹೀಗಿರುವಾಗ ಎರಡೂ ಬಗೆಯ ಸಂಖ್ಯೆಗಳನ್ನು ಬೆರೆಸಿ ಸರಾಸರಿ ತೆಗೆದರೆ ಅದು ಯಾವ ಪ್ರೋಟೀನಿಗೂ ಸೇರದ ಸಂಖ್ಯೆ. ಕೆಂಬಲ್‌ನ ದಾಖಲೆಗಳಲ್ಲಿ ರೂಪಾಂತರ ತಿಳಿಸುವ ಕಾಲಂ ಇದೆ. ಅದನ್ನೂ ಕೇಳಿ ತರಿಸಿ, ಖಾಲಿ ಇರುವ ಸಾಲುಗಳನ್ನು ಮಾತ್ರ ಇಟ್ಟುಕೊಂಡು ಪಾಠವನ್ನು ಮತ್ತೆ ನಡೆಸಿ. ಉಳಿದ ಅಣುಗಳ ಎಣಿಕೆ ಎಷ್ಟು ಇಳಿಯಿತು ಎಂದು ನೋಡಿ.

ಎರಡನೇ ಪಾಠ ಲಿಪಿನ್‌ಸ್ಕಿಯ ಐದರ ನಿಯಮ: ಅಣುತೂಕ 500ರೊಳಗೆ, ಹೈಡ್ರೋಜನ್ ಕೊಡುವ ಗುಂಪು 5ರೊಳಗೆ, ಪಡೆಯುವ ತಾಣ 10ರೊಳಗೆ, ಲಾಗ್‌ಪಿ (ಕೊಬ್ಬಿನಲ್ಲಿ ಕರಗುವ ಒಲವಿನ ಅಳತೆ) 5ರೊಳಗೆ. ಒಂದು ತಪ್ಪಿದರೂ ಪಾಸು. ಹೆಚ್ಚು ಹೇಳುವಂಥದ್ದಿಲ್ಲ. ಮೂರನೆಯದು ಬೇಡದ ಗುಂಪುಗಳನ್ನು ಗುರುತಿಸುವ ಪಾಠ. ಪ್ರಯೋಗದಲ್ಲಿ ಸುಳ್ಳು ಸುಳಿವು ಕೊಡುವ ಪೇನ್ಸ್ ರಚನೆಗಳು, ವಿಷಕಾರಿ ಅಥವಾ ತೀರಾ ಕ್ರಿಯಾಶೀಲ ಗುಂಪುಗಳ ಬ್ರೆಂಕ್ ಪಟ್ಟಿ ಎರಡನ್ನೂ ಓಡಿಸುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಮೈಕೇಲ್ ಗ್ರಾಹಿ ಗುಂಪು, ಅಂದರೆ ಸಿಸ್ಟೀನ್‌ನಂಥವುಗಳ ಜೊತೆ ಸುಲಭವಾಗಿ ಬಂಧ ಹಾಕುವ ಗುಂಪು, ಬ್ರೆಂಕ್ ಪಟ್ಟಿಯಲ್ಲಿದೆ. ಆದರೆ ಅಫಾಟಿನಿಬ್, ಆಸಿಮರ್ಟಿನಿಬ್ ಎರಡೂ ಆ ಗುಂಪಿನಿಂದಲೇ ಪ್ರೋಟೀನಿನ 797ನೇ ಸಿಸ್ಟೀನ್‌ಗೆ ಕೋವೇಲೆಂಟ್ ಬಂಧ ಹಾಕುತ್ತವೆ, ಅದರಿಂದಲೇ ಅವು ಔಷಧಗಳಾದವು. ಪಟ್ಟಿಗೆ ಸಿಕ್ಕ ಅಣುವನ್ನು ಕಣ್ಣುಮುಚ್ಚಿ ಎಸೆಯುವ ಕೋಡ್ ಬರೆದರೆ ಆಸಿಮರ್ಟಿನಿಬ್ ಮೊದಲ ಸುತ್ತಿನಲ್ಲೇ ಹೊರಗೆ. ಗುರುತು ಹಾಕಿ ಇಟ್ಟುಕೊಳ್ಳಿ, ಅಳಿಸಬೇಡಿ.

ನಾಲ್ಕನೇ ಪಾಠದ ಹೋಲಿಕೆಯ ಹುಡುಕಾಟ ಚೆನ್ನಾಗಿ ಬರೆದದ್ದು. ಜೆಫಿಟಿನಿಬ್ ಹಿಡಿದು ಅದನ್ನು ಹೋಲುವ ಅಣುಗಳನ್ನು ಮ್ಯಾಕ್ಸ್ ಮತ್ತು ಮಾರ್ಗನ್ ಎಂಬ ಎರಡು ಬಗೆಯ ಬೆರಳಚ್ಚುಗಳಿಂದ, ಅಂದರೆ ಅಣುವಿನ ರಚನೆಯನ್ನು ಸಂಖ್ಯೆಗಳ ಸಾಲಾಗಿ ಬರೆದ ಗುರುತುಗಳಿಂದ, ಹುಡುಕುತ್ತೇವೆ. ಎರಡರ ಟ್ಯಾನಿಮೋಟೊ ಎಂಬ ಹೋಲಿಕೆಯ ಅಂಕಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವುದೇ ಈ ಪಾಠದ ಹೆಚ್ಚುಗಾರಿಕೆ. ಮ್ಯಾಕ್ಸ್‌ನಲ್ಲಿ ಇರುವುದು 166 ಸಿದ್ಧ ಪ್ರಶ್ನೆಗಳು, ಆದ್ದರಿಂದ ಅಂಕಗಳು ಮೇಲೆಯೇ ತೇಲುತ್ತವೆ. ಮಾರ್ಗನ್‌ನಲ್ಲಿ ಪ್ರತಿ ಪರಮಾಣುವಿನ ಸುತ್ತಲಿನ ನೆರೆಹೊರೆಯ ಲೆಕ್ಕ, ಅಲ್ಲಿ ಅಂಕಗಳು ಕೆಳಗಿಳಿಯುತ್ತವೆ. 0.7 ಎಂಬ ಗೆರೆಯನ್ನು ಒಂದರಿಂದ ಇನ್ನೊಂದಕ್ಕೆ ಹೊತ್ತೊಯ್ಯಬಾರದು ಎಂಬುದು ಚಿತ್ರ ನೋಡಿದರೇ ಗೊತ್ತಾಗುತ್ತದೆ.

ಏಳನೇ ಪಾಠ, ಯಂತ್ರಕಲಿಕೆಯಿಂದ ಕ್ರಿಯಾಶೀಲತೆ ಊಹಿಸುವುದು, ನಮಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕೋಡ್ ಅಚ್ಚುಕಟ್ಟಾಗಿದೆ, ರ‍್ಯಾಂಡಮ್ ಫಾರೆಸ್ಟ್, ಎಸ್‌ವಿಎಂ, ನರಜಾಲ ಎಂಬ ಮೂರು ಕಲಿಕೆಯ ವಿಧಾನಗಳನ್ನೂ ಹೋಲಿಸುತ್ತದೆ, ಅಂಕಗಳು ಹೊಳೆಯುತ್ತವೆ. ಆದರೆ ದತ್ತಾಂಶವನ್ನು ಯಾದೃಚ್ಛಿಕವಾಗಿ ಹಂಚಲಾಗಿದೆ. ಒಂದೇ ಪ್ರಬಂಧದಿಂದ ಬಂದ, ಒಂದು ಮೀಥೈಲ್‌ನಷ್ಟೇ ವ್ಯತ್ಯಾಸವಿರುವ ಅಣುಗಳು ಅರ್ಧ ಕಲಿಕೆಗೆ, ಅರ್ಧ ಪರೀಕ್ಷೆಗೆ ಬೀಳುತ್ತವೆ. ಪರೀಕ್ಷೆಯ ಪ್ರಶ್ನೆ ಮೊದಲೇ ಗೊತ್ತಿದ್ದಂತೆ ಆಯಿತು. ಅಣುಗಳ ಮೂಲ ಚೌಕಟ್ಟನ್ನು ಆರ್‌ಡಿಕಿಟ್‌ನ ಮರ್ಕೊ ಸ್ಕ್ಯಾಫೋಲ್ಡ್ ವಿಧಾನದಿಂದ ತೆಗೆದು, ಒಂದು ಚೌಕಟ್ಟಿನ ಎಲ್ಲ ಅಣುಗಳೂ ಒಂದೇ ಗುಂಪಿಗೆ ಬೀಳುವಂತೆ ಹಂಚಿ ಮತ್ತೆ ನಡೆಸಿ. ಸೈಕಿಟ್-ಲರ್ನ್ ಎಂಬ ಯಂತ್ರಕಲಿಕೆಯ ಪ್ಯಾಕೇಜಿನಲ್ಲಿ ಗುಂಪುಗಳ ಪ್ರಕಾರ ಹಂಚುವ ಸೌಲಭ್ಯ ಇದೆ, ಹತ್ತು ಸಾಲಿನ ಕೆಲಸ. ಅಂಕ ಇಳಿಯುತ್ತದೆ, ಆ ಇಳಿದ ಅಂಕವೇ ನಿಜಕ್ಕೆ ಹತ್ತಿರ.

ಈಗ ಡಾಕಿಂಗ್. ಹದಿನೈದನೇ ಪಾಠ 2ಐಟಿಒ ಎಂಬ ಸಂಕೇತದ ಇಜಿಎಫ್ಆರ್ ಸ್ಫಟಿಕ ರಚನೆ ತೆಗೆದುಕೊಂಡು ಜೆಫಿಟಿನಿಬ್ ಅನ್ನು ಮತ್ತೆ ಅದರ ಜಾಗದಲ್ಲಿ ಕೂರಿಸುತ್ತದೆ. ಅಣುವನ್ನು ಸ್ಮೈಲ್ಸ್ ಬರಹದಿಂದ, ಅಂದರೆ ರಚನೆಯನ್ನು ಅಕ್ಷರಗಳ ಸಾಲಾಗಿ ಬರೆದದ್ದರಿಂದ, ಹೊಸದಾಗಿ ಕಟ್ಟುತ್ತದೆ, ಇದು ಮೆಚ್ಚತಕ್ಕದ್ದು. ಸ್ಫಟಿಕದಲ್ಲಿದ್ದ ಅಣುವನ್ನೇ ಎತ್ತಿ ಮತ್ತೆ ಡಾಕ್ ಮಾಡಿದರೆ ಅದರ ಬಂಧಕೋನಗಳೂ ಉಂಗುರಗಳ ಬಾಗುವಿಕೆಯೂ ಮೊದಲೇ ಸರಿಯಾಗಿರುತ್ತವೆ, ಉತ್ತರ ಪುಕ್ಕಟೆ ಸಿಕ್ಕಂತೆ. ಪೆಟ್ಟಿಗೆಯನ್ನು, ಅಂದರೆ ಅಣುವನ್ನು ಕೂರಿಸಿ ನೋಡುವ ಜಾಗದ ಗಡಿಯನ್ನು, ಮೂಲ ಅಣುವಿನ ಅಳತೆಗೆ 5 ಆಂಗ್‌ಸ್ಟ್ರಾಮ್ ಸೇರಿಸಿ ಮಾಡುತ್ತದೆ. ಡಾಕ್ ಮಾಡುವುದು ಸ್ಮಿನಾ, ಅಂದರೆ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಆಟೋಡಾಕ್ ವೀನಾದ ಒಂದು ಕವಲು.

ಕೆಲಸ ಇಲ್ಲಿಗೇ ನಿಲ್ಲಿಸಬೇಡಿ, ಪಾಠ ತೆಳುವಾಗಿರುವುದು ಇಲ್ಲೇ. ಮೊದಲು ರಚನೆಯನ್ನೇ ನೋಡಿ. 2ಐಟಿಒ ಜಿ719ಎಸ್ ರೂಪಾಂತರದ್ದು. ಮೂಲ ಪ್ರೋಟೀನಿನಲ್ಲಿ ಜೆಫಿಟಿನಿಬ್ ಕೂತಿರುವ ರಚನೆ 2ಐಟಿವೈ. ಎರಡೂ 3 ಆಂಗ್‌ಸ್ಟ್ರಾಮ್‌ಗಿಂತ ಮಸುಕಾದವು. ಆ ಮಟ್ಟದಲ್ಲಿ ನೀರಿನ ಅಣುಗಳು ನೆಚ್ಚುವಂತೆ ಕಾಣುವುದಿಲ್ಲ, ಆಸ್ಪರಜಿನ್ ಮತ್ತು ಗ್ಲುಟಮಿನ್‌ಗಳ ತುದಿ ತಿರುವುಮುರುವಾಗಿರಬಹುದು. ಪ್ರೋಟೀನ್ ಡೇಟಾ ಬ್ಯಾಂಕ್‌ನ ಪುಟದಲ್ಲಿ ಪ್ರತಿ ರಚನೆಗೂ ಪರಿಶೀಲನಾ ವರದಿ ಇದೆ, ಅದರಲ್ಲಿ ರಾಮಚಂದ್ರನ್ ನಕ್ಷೆಯ (ಪ್ರೋಟೀನಿನ ಬೆನ್ನೆಲುಬಿನ ಯಾವ ಕೋನಗಳು ಸಾಧ್ಯ ಎಂದು ತೋರಿಸುವ ನಕ್ಷೆ) ಹೊರಗೆ ಬಿದ್ದ ಅಮೈನೋ ಆಮ್ಲಗಳ ಲೆಕ್ಕ ಸಿಗುತ್ತದೆ. ಜಿ.ಎನ್. ರಾಮಚಂದ್ರನ್ ಮದರಾಸಿನಲ್ಲಿದ್ದಾಗ 1963ರಲ್ಲಿ ಕೊಟ್ಟ ನಕ್ಷೆ ಅದು. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೈವಿಕ ಭೌತಶಾಸ್ತ್ರ ವಿಭಾಗ ಕಟ್ಟಿದರು. ಬೈಂಡಿಂಗ್ ಜಾಗದ ಅಮೈನೋ ಆಮ್ಲವೇನಾದರೂ ಆ ಪಟ್ಟಿಯಲ್ಲಿದ್ದರೆ ಬೇರೆ ರಚನೆ ಹುಡುಕಿ.

ಹೈಡ್ರೋಜನ್ ಸೇರಿಸುವುದನ್ನು ಪಾಠ ಓಪನ್ ಬೇಬಲ್‌ಗೆ ಬಿಡುತ್ತದೆ, ಪಿಎಚ್ 7.4ಕ್ಕೆ. ಓಪನ್ ಬೇಬಲ್ ಗುಂಪು ನೋಡಿ ನಿಶ್ಚಿತ ನಿಯಮ ಹಚ್ಚುತ್ತದೆ, ಅಣುವಿನ ಒಟ್ಟು ಪರಿಸರ ನೋಡುವುದಿಲ್ಲ. ಜೆಫಿಟಿನಿಬ್‌ನ ಪಿಕೆಎ ಮೌಲ್ಯಗಳು (ಆ ಗುಂಪಿನಲ್ಲಿ ಅರ್ಧದಷ್ಟು ಅಣುಗಳು ಆವೇಶ ಹೊತ್ತಿರುವ ಪಿಎಚ್) 5.4 ಮತ್ತು 7.2, ಮೇಲಿನದು ಬಾಲದ ಮಾರ್ಫೊಲೀನ್ ಉಂಗುರದ್ದು. ಅಂದರೆ 7.4ರಲ್ಲಿ ಸುಮಾರು ಶೇಕಡಾ 40ರಷ್ಟು ಅಣುಗಳಿಗೆ ಮಾತ್ರ ಅಲ್ಲಿ ಧನ ಆವೇಶ. ಎರಡೂ ರೂಪಗಳನ್ನು ಕೈಯಿಂದ ಮಾಡಿ ಡಾಕ್ ಮಾಡಿ ನೋಡುವುದು ಪ್ರಾಮಾಣಿಕ ದಾರಿ. ಉಂಗುರಗಳನ್ನು ಸ್ಮಿನಾ ಬಾಗಿಸುವುದಿಲ್ಲ, ನೀವು ಕೊಟ್ಟ ಆಕಾರದಲ್ಲೇ ಇಡುತ್ತದೆ. ಮಾರ್ಫೊಲೀನ್ ಕುರ್ಚಿ ಆಕಾರದಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಬಂದ ಭಂಗಿ ಸರಿಯೇ ಎಂದು ತಿಳಿಯಲು ಸ್ಫಟಿಕದ ಅಣುವಿನೊಂದಿಗೆ ಆರ್‌ಎಂಎಸ್‌ಡಿ (ಎರಡು ಭಂಗಿಗಳ ಪರಮಾಣುಗಳ ನಡುವಿನ ಸರಾಸರಿ ಅಂತರ) ತೆಗೆಯಿರಿ, 2 ಆಂಗ್‌ಸ್ಟ್ರಾಮ್‌ನೊಳಗೆ ಇದ್ದರೆ ಒಪ್ಪಬಹುದು ಎಂಬುದು ರೂಢಿ. ಆರ್‌ಡಿಕಿಟ್‌ನಲ್ಲಿ ಇದಕ್ಕೆ ಎರಡು ಕಾರ್ಯಗಳಿವೆ, ಹೆಸರು ಹತ್ತಿರಹತ್ತಿರ. ಗೆಟ್‌ಬೆಸ್ಟ್‌ಆರ್‌ಎಂಎಸ್ ಎರಡು ಅಣುಗಳನ್ನು ಮೊದಲು ಒಂದರ ಮೇಲೊಂದು ಜೋಡಿಸಿ ಆಮೇಲೆ ಅಳೆಯುತ್ತದೆ. ಡಾಕಿಂಗ್‌ಗೆ ಅದನ್ನು ಬಳಸಿದರೆ ಅಣು ಪೆಟ್ಟಿಗೆಯ ಬೇರೆ ಮೂಲೆಯಲ್ಲಿ ತಲೆಕೆಳಗಾಗಿ ಕೂತಿದ್ದರೂ 0.8 ಎಂದು ಬರಬಹುದು. ಬೇಕಾದದ್ದು ಕ್ಯಾಲ್ಕ್‌ಆರ್‌ಎಂಎಸ್, ಅದು ಅಣುವನ್ನು ಇದ್ದಲ್ಲೇ ಅಳೆಯುತ್ತದೆ, ಸಮಮಿತಿಯನ್ನೂ ಗಮನಿಸುತ್ತದೆ. ಈ ಅದಲುಬದಲು ಮಾಡಿದವರ ಫಲಿತಾಂಶ ಯಾವಾಗಲೂ ಸುಂದರವಾಗಿರುತ್ತದೆ, ಅದಕ್ಕೇ ಯಾರೂ ಅನುಮಾನಿಸುವುದಿಲ್ಲ.

ಸಂಖ್ಯೆ 2ರ ಮೇಲೆ ಹೋದರೂ ಕೂಡಲೇ ಕೈಬಿಡಬೇಡಿ. ಜೆಫಿಟಿನಿಬ್‌ನ ಕ್ವಿನಜೊಲೀನ್‌ನ ಒಂದು ನೈಟ್ರೋಜನ್ 793ನೇ ಮೆಥಿಯೊನಿನ್‌ನ ಬೆನ್ನೆಲುಬಿನ ಎನ್ಎಚ್‌ಗೆ ಹೈಡ್ರೋಜನ್ ಬಂಧ ಹಾಕುತ್ತದೆ. ಎರಡು ನೈಟ್ರೋಜನ್‌ಗಳ ನಡುವೆ ಸುಮಾರು 3 ಆಂಗ್‌ಸ್ಟ್ರಾಮ್. ಹಳೆಯ ಪ್ರಬಂಧಗಳಲ್ಲಿ ಇದೇ ಮೆಥಿಯೊನಿನ್‌ಗೆ 769 ಎಂಬ ಸಂಖ್ಯೆ ಇರುತ್ತದೆ, ಗೊಂದಲ ಬೇಡ. ಈ ಬಂಧ ಇದ್ದು, ಕ್ಲೋರೊಫ್ಲೋರೊ ಫಿನೈಲ್ ಉಂಗುರ ಒಳಗಿನ ಕುಳಿಯಲ್ಲಿದ್ದು, ಮಾರ್ಫೊಲೀನ್ ಬಾಲ ಮಾತ್ರ ಬೇರೆ ಕಡೆ ತಿರುಗಿದ್ದರೆ ಭಂಗಿ ಸರಿಯೇ. ಆ ಬಾಲ ನೀರಿನ ಕಡೆಗೆ ಚಾಚಿರುವುದು, ಅದಕ್ಕೆ ಹಿಡಿತವಿಲ್ಲ. ಬಾಲ ಬಿಟ್ಟು ಉಂಗುರಗಳ ಆರ್‌ಎಂಎಸ್‌ಡಿಯನ್ನು ಪ್ರತ್ಯೇಕವಾಗಿ ಬರೆಯಿರಿ. ತಿರುಗುಮುರುಗಾಗಿ, ಮೆಥಿಯೊನಿನ್ ಬಂಧವೇ ಇಲ್ಲದ ಭಂಗಿಗೆ ಸ್ಕೋರ್ ಎಷ್ಟೇ ಚೆನ್ನಾಗಿರಲಿ, ಅದು ತಪ್ಪು.

ಎಕ್ಸಾಸ್ಟಿವ್‌ನೆಸ್, ಅಂದರೆ ಹುಡುಕಾಟ ಎಷ್ಟು ತೀವ್ರ ಎಂಬ ಮೌಲ್ಯ, ಪಾಠದಲ್ಲಿ 8. ಇದನ್ನು 32ಕ್ಕೆ ಏರಿಸಿ, ಹುಡುಕಾಟದ ಯಾದೃಚ್ಛಿಕ ಆರಂಭವನ್ನು ನಿರ್ಧರಿಸುವ ಬೀಜಸಂಖ್ಯೆಯನ್ನು ಬದಲಿಸಿ ಮೂರು ಸಲ ಓಡಿಸಿ. ಮೂರೂ ಸಲ ಅದೇ ಭಂಗಿ ಮೊದಲಿಗೆ ಬಂದರೆ ಮಾತ್ರ ಹುಡುಕಾಟ ಮುಗಿದಿದೆ ಎನ್ನಬಹುದು. ಆಸಿಮರ್ಟಿನಿಬ್ ಅನ್ನು ಇದೇ ವಿಧಾನದಲ್ಲಿ ಡಾಕ್ ಮಾಡಿ ಜೆಫಿಟಿನಿಬ್ ಜೊತೆ ಹೋಲಿಸುವವರಿದ್ದಾರೆ. ಸಾಮಾನ್ಯ ಡಾಕಿಂಗ್‌ನಲ್ಲಿ ಸಿಸ್ಟೀನ್ ಜೊತೆಗಿನ ಕೋವೇಲೆಂಟ್ ಬಂಧ ಲೆಕ್ಕಕ್ಕೇ ಬರುವುದಿಲ್ಲ, ಆದ್ದರಿಂದ ಆ ಹೋಲಿಕೆ ನಿಲ್ಲುವುದಿಲ್ಲ.

ಸ್ಕೋರಿನ ವಿಷಯಕ್ಕೆ ಬಂದರೆ, ವೀನಾದ ಮೂಲ ಪ್ರಬಂಧದಲ್ಲೇ ಅದರ ಅಂದಾಜಿನ ದೋಷ ಪ್ರತಿ ಮೋಲ್‌ಗೆ ಸುಮಾರು 2.85 ಕಿಲೋಕ್ಯಾಲೊರಿ ಎಂದು ಬರೆದಿದೆ. ಕೋಣೆಯ ಉಷ್ಣತೆಯಲ್ಲಿ 1.36 ಕಿಲೋಕ್ಯಾಲೊರಿ ಎಂದರೆ ಬಂಧಶಕ್ತಿಯಲ್ಲಿ ಹತ್ತು ಪಟ್ಟು. ಹಾಗಾದರೆ ದೋಷವೇ ನೂರು ಪಟ್ಟು ದಾಟುತ್ತದೆ. 9.1 ಮತ್ತು 9.4ರ ನಡುವೆ ಗೆದ್ದವರು ಯಾರೂ ಇಲ್ಲ. ದೊಡ್ಡ ಅಣುಗಳಿಗೆ ಸಂಪರ್ಕ ಹೆಚ್ಚು, ಹಾಗಾಗಿ ಸ್ಕೋರೂ ಹೆಚ್ಚು, ಅಣುತೂಕದ ಜೊತೆ ಸ್ಕೋರನ್ನು ನಕ್ಷೆ ಬಿಡಿಸಿದರೆ ಇದು ಒಡನೆ ಕಾಣುತ್ತದೆ. ಪಾಠದ ಚರ್ಚೆಯ ಭಾಗ ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು.

ಡಾಕಿಂಗ್ ಅನ್ನು ಆಳವಾಗಿ ಕಲಿಯಬೇಕಾದವರು ಹದಿನೈದನೇ ಪಾಠದ ಪಕ್ಕದಲ್ಲೇ ವೀನಾದ ಅಧಿಕೃತ ಕೈಪಿಡಿಯ ಮೊದಲ ಅಭ್ಯಾಸವನ್ನೂ ಮಾಡಿ. ಅಲ್ಲಿ ಏಬಲ್ ಕೈನೇಸ್‌ನ 1ಐಇಪಿ ರಚನೆಗೆ ಇಮಾಟಿನಿಬ್ ಡಾಕ್ ಮಾಡುತ್ತಾರೆ, ಪೆಟ್ಟಿಗೆಯ ಪ್ರತಿ ಬದಿ 20 ಆಂಗ್‌ಸ್ಟ್ರಾಮ್, ಸರಿಯಾದ ಭಂಗಿಗೆ ಸ್ಕೋರ್ ಮೈನಸ್ 13ರ ಆಸುಪಾಸು. ನಿಮಗೆ ಮೈನಸ್ 9 ಬಂದರೆ ತಯಾರಿಯಲ್ಲಿ ಏನೋ ತಪ್ಪಿದೆ ಎಂದರ್ಥ, ಹೆಚ್ಚಾಗಿ ಪೆಟ್ಟಿಗೆಯ ಕೇಂದ್ರ. ಆ ಕೈಪಿಡಿ ಈಗ ಮೀಕೊ ಎಂಬ ಹೊಸ ಉಪಕರಣದಿಂದ ಅಣು ತಯಾರಿಸುತ್ತದೆ. ಹಳೆಯ ವಿಡಿಯೊಗಳಲ್ಲಿ ಕಾಣುವ ಎಂಜಿಎಲ್‌ಟೂಲ್ಸ್ ಪೈಥಾನ್ 2ರ ಕಾಲದ್ದು, ಹೊಸದಾಗಿ ಕಲಿಯುವವರು ಅದಕ್ಕೆ ಸಮಯ ಕೊಡುವುದು ಬೇಡ.

ಅಣುಚಲನೆಯ, ಅಂದರೆ ಪರಮಾಣುಗಳು ಕಾಲಕ್ರಮದಲ್ಲಿ ಹೇಗೆ ಚಲಿಸುತ್ತವೆ ಎಂದು ಲೆಕ್ಕ ಹಾಕುವ, ಹತ್ತೊಂಬತ್ತನೇ ಪಾಠ ಓಪನ್‌ಎಂಎಂ ಎಂಬ ತಂತ್ರಾಂಶದ ಮೇಲೆ ನಿಂತಿದೆ. ಪ್ರೋಟೀನ್ ಸರಿಪಡಿಸುವುದು, ಅಣುವಿಗೆ ಬಲಕ್ಷೇತ್ರ (ಪರಮಾಣುಗಳ ನಡುವಿನ ಬಲಗಳ ಸೂತ್ರಗಳು) ಕೊಡುವುದು, ನೀರು ತುಂಬಿಸುವುದು, ಶಕ್ತಿ ಇಳಿಸಿ ಓಡಿಸುವುದು ಎಲ್ಲವೂ ಕ್ರಮವಾಗಿ ಬರುತ್ತದೆ. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ನಡೆಸಿದರೆ ಪಾಠ ಕೆಲವೇ ಹೆಜ್ಜೆ ಓಡಿ ನಿಲ್ಲುತ್ತದೆ, ನೋಟ್‌ಬುಕ್‌ಗಳನ್ನು ಗೂಗಲ್‌ನ ಕಂಪ್ಯೂಟರಿನಲ್ಲೇ ನಡೆಸುವ ಗೂಗಲ್ ಕೊಲ್ಯಾಬ್‌ನಲ್ಲಿ 100 ಪಿಕೋಸೆಕೆಂಡ್. ವಿಧಾನ ಕಲಿಯಲು ಸಾಕು. ಅದರಿಂದ ಅಣು ಜಾಗದಲ್ಲಿ ಸ್ಥಿರವಾಗಿದೆ ಎಂದು ಬರೆಯಲು ಮಾತ್ರ ಸಾಲದು, ಅದಕ್ಕೆ ಹತ್ತಾರು ನ್ಯಾನೋಸೆಕೆಂಡ್‌ಗಳ ಹಲವು ಓಟಗಳು ಬೇಕು. ಕೊಲ್ಯಾಬ್‌ನ ಉಚಿತ ಅವಧಿ ಮಧ್ಯದಲ್ಲೇ ಕಡಿದುಹೋಗಬಹುದು, ಆಗಾಗ ಚೆಕ್‌ಪಾಯಿಂಟ್ ಬರೆದು ಡ್ರೈವ್‌ಗೆ ನಕಲಿಸುವ ಸಾಲು ಸೇರಿಸಿ.

ಪೈಥಾನ್ ಗೊತ್ತೇ ಇಲ್ಲದವರಿಗೆ ಇದೇ ಗುಂಪು ನೈಮ್ ಎಂಬ ಉಪಕರಣದಲ್ಲಿ ಮೊದಲ ಎಂಟು ವಿಷಯಗಳನ್ನು ಡಬ್ಬಿಗಳಾಗಿ ಜೋಡಿಸಿ ಕೊಟ್ಟಿದೆ. ಎಳೆದು ಬಿಟ್ಟು ನಡೆಸಬಹುದು. ವಿಷಯ ಹಿಡಿಯಲು ಅದು ಒಳ್ಳೆಯದು, ಡಾಕಿಂಗ್ ಮಾತ್ರ ಅಲ್ಲಿಲ್ಲ.

ಮಾಲೆಯ ನಿಜವಾದ ದೌರ್ಬಲ್ಯ ಹಳೆಯದಾಗುವಿಕೆ. ಹೊರಗಿನ ದತ್ತಕೋಶಗಳು ತಮ್ಮ ಬಾಗಿಲು ಬದಲಿಸಿದಾಗ ಅವನ್ನು ನೇರ ಕರೆಯುವ ಪಾಠಗಳು ಮುರಿಯುತ್ತವೆ. ಕೆಂಬಲ್‌ನಿಂದ ಸಾವಿರಾರು ಸಾಲು ತರಿಸುವಾಗ ಸಂಪರ್ಕ ಕಡಿದುಹೋಗುವುದೂ ಸಾಮಾನ್ಯ. ಇದಕ್ಕೆ ಪರಿಹಾರ ಮಾಲೆಯೊಳಗೇ ಇದೆ: ಪಾಠಗಳ ಡೇಟಾ ಫೋಲ್ಡರ್‌ಗಳಲ್ಲಿ ಹಿಂದೆ ತರಿಸಿದ ಅಣುಗಳ ಸಿಎಸ್‌ವಿ ಫೈಲುಗಳನ್ನು ಇಟ್ಟಿದ್ದಾರೆ. ಮೊದಲ ಪಾಠ ಓಡದಿದ್ದರೂ ಎರಡನೆಯದರಿಂದ ಮುಂದುವರಿಯಬಹುದು. ಕಾಲೇಜಿನಲ್ಲಿ ಇಡೀ ತರಗತಿಗೆ ಕಲಿಸುವವರು ಪರಿಸರವನ್ನು ಒಂದು ಕಂಪ್ಯೂಟರಿನಲ್ಲಿ ಸರಿಪಡಿಸಿಕೊಂಡು, ಎಲ್ಲ ಪ್ಯಾಕೇಜುಗಳ ಆವೃತ್ತಿಗಳನ್ನು ಒಂದು ಫೈಲಿಗೆ ಬರೆಸಿ, ಉಳಿದವುಗಳಲ್ಲಿ ಆ ಫೈಲಿನಿಂದಲೇ ಕಟ್ಟಿ. ಪ್ರತಿ ಕಂಪ್ಯೂಟರಿನಲ್ಲಿ ಹೊಸದಾಗಿ ಕೇಳಿದರೆ ಒಂದೊಂದರಲ್ಲಿ ಒಂದೊಂದು ಆವೃತ್ತಿ ಬಂದು, ಪಾಠದ ಮಧ್ಯದಲ್ಲಿ ಒಬ್ಬರಿಗೆ ಓಡಿದ್ದು ಪಕ್ಕದವರಿಗೆ ಓಡುವುದಿಲ್ಲ.